ಶಿವಮೊಗ್ಗದಲ್ಲಿ ನಾಯಿ, ಬೆಕ್ಕುಗಳಿಗೆ ಪಶುವೈದ್ಯರನ್ನು ಆರಿಸಿಕೊಳ್ಳುವಾಗ ಏನನ್ನು ನೋಡಬೇಕು?

ಪ್ರಶ್ನೆ: ಶಿವಮೊಗ್ಗದಿಂದ

ಎಲ್ಲರಿಗೂ ನಮಸ್ಕಾರ. ವರ್ಗಾವಣೆಯಾದ ಕಾರಣ ನಾವು ಬಳ್ಳಾರಿಯಿಂದ ಶಿವಮೊಗ್ಗಕ್ಕೆ ಬಂದು ನೆಲೆಸಿದ್ದೇವೆ. ಮನೆಯಲ್ಲಿ ಲ್ಯಾಬ್ರಡಾರ್ ತಳಿಯ ಹೆಣ್ಣುನಾಯಿಯೊಂದು ಮತ್ತು ನಾಟಿ ಗಂಡುಬೆಕ್ಕೊಂದು ಇವೆ. ನಮ್ಮ ಬಡಾವಣೆಯಲ್ಲೇ ಒಂದು ಖಾಸಗಿ ಕ್ಲಿನಿಕ್ ಇದೆ, ಊರಿನ ಇನ್ನೊಂದು ತುದಿಯಲ್ಲಿ ಹೆಸರಾದ ಮತ್ತೊಂದಿದೆ, ವಿನೋಬನಗರದಲ್ಲಿ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಇದೆ. ಕೇಳಿದವರೆಲ್ಲ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆಯೇ ಹೊರತು, ಅದು ಏಕೆ ಒಳ್ಳೆಯದೆಂದು ಹೇಳುವುದಿಲ್ಲ. ಪ್ರಾಣಿಗಳು ಆರೋಗ್ಯವಾಗಿರುವಾಗಲೇ ನಾವಾಗಿ ನೋಡಿ, ಕೇಳಿ ನಿರ್ಧರಿಸಬೇಕೆಂದಿದ್ದೇವೆ. ಯಾವ ವಿಷಯಗಳನ್ನು ಗಮನಿಸಬೇಕೆಂದು ಅನುಭವಸ್ಥರು ದಯವಿಟ್ಟು ತಿಳಿಸಿ.

ಉತ್ತರ: ನಿವೃತ್ತ ಪಶುವೈದ್ಯಾಧಿಕಾರಿ, ಸಾಗರ

ಮೊದಲನೆಯದಾಗಿ, ಚಿಕಿತ್ಸೆ ಕೊಡುವವರು ಬಿ.ವಿ.ಎಸ್ಸಿ. (ಪಶುವೈದ್ಯಕೀಯ) ಪದವೀಧರರೇ ಮತ್ತು ಕರ್ನಾಟಕ ಪಶುವೈದ್ಯ ಪರಿಷತ್ತಿನಲ್ಲಿ ನೋಂದಾಯಿತರೇ ಎಂಬುದನ್ನು ಖಚಿತಪಡಿಸಿಕೊಳ್ಳಿ. 1984ರ ಭಾರತೀಯ ಪಶುವೈದ್ಯ ಪರಿಷತ್ತು ಕಾಯ್ದೆ ನೋಂದಣಿಯನ್ನು ಕಡ್ಡಾಯ ಮಾಡಿದೆ. ಔಷಧದ ಚೀಟಿಯ ಮೇಲೆ ನೋಂದಣಿ ಸಂಖ್ಯೆ ಇಲ್ಲದಿದ್ದರೆ ಕೇಳುವುದರಲ್ಲಿ ಸಂಕೋಚ ಬೇಡ.

ಅದಕ್ಕಿಂತ ಮುಖ್ಯವಾದುದು ವೈದ್ಯರು ಪರೀಕ್ಷಿಸುವ ರೀತಿ. ಮಲೆನಾಡಿನಲ್ಲಿ ನಾಯಿಗೆ ಜ್ವರ ಬಂದು ಅದು ಊಟ ಬಿಟ್ಟರೆ ಉಣುಗುಗಳಿಂದ ಬರುವ ರೋಗವಿರಬಹುದೇ ಎಂದು ಯೋಚಿಸಲೇಬೇಕು. ಜನರು ಇವನ್ನೆಲ್ಲ ಒಟ್ಟಾಗಿ ಟಿಕ್ ಫೀವರ್ ಎನ್ನುತ್ತಾರಾದರೂ ಎಲ್ಲವೂ ಒಂದೇ ರೋಗವಲ್ಲ. ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯಾದಿಂದ ಬರುವ ರೋಗದಲ್ಲಿ ರಕ್ತದ ಪ್ಲೇಟ್‌ಲೆಟ್ ಇಳಿದು, ಕೆಲವೊಮ್ಮೆ ಮೂಗಿನಿಂದ ರಕ್ತ ಸೋರುತ್ತದೆ. ಅದಕ್ಕೆ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಸಾಮಾನ್ಯವಾಗಿ ನಾಲ್ಕು ವಾರ ಬಿಡದೆ ಕೊಡಬೇಕಾಗುತ್ತದೆ. ಬೆಬೀಸಿಯಾ ಎಂಬ ಪರೋಪಜೀವಿ ಕೆಂಪು ರಕ್ತಕಣಗಳನ್ನೇ ಒಡೆಯುವುದರಿಂದ ವಸಡು ಬಿಳಿಚಿಕೊಂಡು ಮೂತ್ರ ಕಂದುಬಣ್ಣಕ್ಕೆ ತಿರುಗಬಹುದು, ಮತ್ತು ಅದಕ್ಕೆ ಬೇರೆಯದೇ ಔಷಧ ಬೇಕು. ಎರಡೂ ಒಟ್ಟಿಗೆ ಇರುವುದೂ ಉಂಟು. ಆದ್ದರಿಂದ ಥರ್ಮಾಮೀಟರ್ ಇಟ್ಟು ಜ್ವರ ನೋಡುವ, ವಸಡಿನ ಬಣ್ಣ ಪರೀಕ್ಷಿಸುವ, ರಕ್ತ ತೆಗೆದು ಗಾಜಿನ ಪಟ್ಟಿಯ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವ ಅಥವಾ ಪ್ರಯೋಗಾಲಯಕ್ಕೆ ಕಳುಹಿಸುವ ವೈದ್ಯರ ಬಳಿಗೇ ಹೋಗಿ. ಜ್ವರವೆಂದ ಕೂಡಲೇ ಹೆಸರು ಬರೆಯದ ಚುಚ್ಚುಮದ್ದನ್ನು ಕೊಟ್ಟು ಕಳುಹಿಸುವ ಕಡೆ ಎರಡನೆಯ ಬಾರಿ ಹೋಗಬೇಡಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕೊಟ್ಟ ಔಷಧವೇನು, ಪ್ರಮಾಣವೆಷ್ಟು ಎಂಬುದು ಕಾಗದದ ಮೇಲಿಲ್ಲದಿದ್ದರೆ, ರಾತ್ರಿ ಪರಿಸ್ಥಿತಿ ಬಿಗಡಾಯಿಸಿದಾಗ ಮುಂದಿನ ವೈದ್ಯರಿಗೆ ದಾರಿಯೇ ಕಾಣುವುದಿಲ್ಲ.

ಉತ್ತರ: ಬೆಕ್ಕು ಸಾಕುವವರು, ತೀರ್ಥಹಳ್ಳಿ

ಮೇಲಿನವರು ನಾಯಿಯ ವಿಷಯವನ್ನು ಚೆನ್ನಾಗಿ ವಿವರಿಸಿದ್ದಾರೆ. ಬೆಕ್ಕಿಗಾಗಿ ಪ್ರತ್ಯೇಕವಾಗಿ ವಿಚಾರಿಸಿ, ಏಕೆಂದರೆ ನಾಯಿಗಳಿಗೆ ಹೆಸರಾದ ಎಷ್ಟೋ ಕ್ಲಿನಿಕ್‌ಗಳಿಗೆ ಬೆಕ್ಕುಗಳು ಬರುವುದೇ ಅಪರೂಪ. ನಾಯಿಗೆ ಹಚ್ಚುವ ಪರ್ಮೆಥ್ರಿನ್ ಬೆರೆತ ಉಣುಗಿನ ಔಷಧ ಬೆಕ್ಕಿಗೆ ವಿಷವಾಗುತ್ತದೆ, ಮನುಷ್ಯರ ಪ್ಯಾರಾಸಿಟಮಾಲ್ ಮಾತ್ರೆ ಅದರ ಪ್ರಾಣವನ್ನೇ ತೆಗೆಯಬಹುದು. ಎರಡನ್ನೂ ಸಾಕಿದ ನಿಮ್ಮ ಮನೆಗೆ, ಇವನ್ನು ಕೇಳದೆಯೇ ಎಚ್ಚರಿಸುವ ವೈದ್ಯರು ಸಿಕ್ಕರೆ ಅವರನ್ನು ಬಿಡಬೇಡಿ.

ನಿಮ್ಮದು ಗಂಡುಬೆಕ್ಕಾದ್ದರಿಂದ ಒಂದು ಮಾತನ್ನು ಒತ್ತಿ ಹೇಳಬೇಕು. ಅದು ಮತ್ತೆ ಮತ್ತೆ ಮೂತ್ರಕ್ಕೆ ಕುಳಿತು, ಮುಕ್ಕರಿದರೂ ಮೂತ್ರ ಬರದಿದ್ದರೆ ಮೂತ್ರನಾಳ ಕಟ್ಟಿಕೊಂಡಿರಬಹುದು. ಒಂದೆರಡು ದಿನ ಹಾಗೇ ಬಿಟ್ಟರೆ ಬೆಕ್ಕು ಬದುಕುವುದು ಕಷ್ಟ. ಕ್ಯಾತಿಟರ್ ಎಂಬ ತೆಳು ಕೊಳವೆ ಹಾಕಿ ಅದನ್ನು ಬಿಡಿಸುವ ಅಭ್ಯಾಸ ಅವರಿಗಿದೆಯೇ, ಭಾನುವಾರ ಹೀಗಾದರೆ ಎಲ್ಲಿಗೆ ಕಳುಹಿಸುತ್ತಾರೆ ಎಂದು ಮೊದಲ ಭೇಟಿಯಲ್ಲೇ ಕೇಳಿ.

ಉತ್ತರ: ಶಿವಮೊಗ್ಗದ ಸದಸ್ಯರು

ಕಾಲೇಜಿನ ಆಸ್ಪತ್ರೆಯೋ ಖಾಸಗಿ ಕ್ಲಿನಿಕ್ಕೋ ಎಂದು ಒಂದನ್ನೇ ಆರಿಸಬೇಕಾಗಿಲ್ಲ. ಕಾಲೇಜಿನಲ್ಲಿ ಶಸ್ತ್ರಚಿಕಿತ್ಸೆ, ಔಷಧಶಾಸ್ತ್ರ, ಪ್ರಸೂತಿಶಾಸ್ತ್ರ ಹೀಗೆ ಬೇರೆ ಬೇರೆ ವಿಭಾಗಗಳ ಅಧ್ಯಾಪಕರು ಇರುವುದರಿಂದ ಜಟಿಲವಾದ ಕಾಯಿಲೆಗಳಿಗೆ ಅದು ದೊಡ್ಡ ಆಸರೆ; ಆದರೆ ವಿದ್ಯಾರ್ಥಿಗಳೂ ಪರೀಕ್ಷಿಸುವುದರಿಂದ ತಾಳ್ಮೆಯಿಂದ ಕಾಯಬೇಕಾಗುತ್ತದೆ. ಲಸಿಕೆ, ಜಂತುಹುಳುವಿನ ಔಷಧ, ಸಣ್ಣಪುಟ್ಟ ಗಾಯಗಳಿಗೆ ಮನೆಯ ಹತ್ತಿರದ ಕ್ಲಿನಿಕ್ಕೇ ಅನುಕೂಲ.

ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಮಳೆಗಾಲದಲ್ಲಿ ಗಂಟೆಗಟ್ಟಲೆ ಕರೆಂಟ್ ಹೋಗುವ ನಮ್ಮ ಕಡೆ ಫ್ರಿಜ್‌ಗೆ ಯುಪಿಎಸ್ ಅಥವಾ ಜನರೇಟರ್ ಇದೆಯೇ ಎಂದು ಕೇಳುವುದು ಅಧಿಕಪ್ರಸಂಗವೇನಲ್ಲ. ಬಾಟಲಿಯ ಚೀಟಿಯನ್ನು ನಿಮ್ಮ ಲಸಿಕೆ ಪುಸ್ತಕದಲ್ಲಿ ಅಂಟಿಸಿ, ದಿನಾಂಕ ಬರೆದು ಸಹಿ ಹಾಕಿಸಿಕೊಳ್ಳಿ. ಇಲಿಜ್ವರವೆಂದು ನಾವು ಕರೆಯುವ ಲೆಪ್ಟೊಸ್ಪೈರೋಸಿಸ್ ನಾಯಿಗಳಿಗೂ ಬರುವುದರಿಂದ, ಅದರ ಲಸಿಕೆ ಕೊಡುತ್ತಾರೆಯೇ ಎಂದೂ ವಿಚಾರಿಸಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಇನ್ನೂ ಆಗಿಲ್ಲ. ಅದಕ್ಕಾಗಿ ಕ್ಲಿನಿಕ್ ಆರಿಸುವಾಗ ಬೇರೆ ಏನಾದರೂ ನೋಡಬೇಕೇ?

ಉತ್ತರ: ನಿವೃತ್ತ ಪಶುವೈದ್ಯಾಧಿಕಾರಿ, ಸಾಗರ

ಖಂಡಿತ ನೋಡಬೇಕು. ಶಸ್ತ್ರಚಿಕಿತ್ಸೆಗೆ ಮೊದಲು ರಕ್ತಪರೀಕ್ಷೆ ಮಾಡುತ್ತಾರೆಯೇ, ಅರಿವಳಿಕೆ ಕೊಟ್ಟ ಮೇಲೆ ಉಸಿರಾಟ ಮತ್ತು ಹೃದಯಬಡಿತವನ್ನು ಗಮನಿಸಲು ಇನ್ನೊಬ್ಬರು ಇರುತ್ತಾರೆಯೇ, ಆಮ್ಲಜನಕದ ವ್ಯವಸ್ಥೆ ಇದೆಯೇ, ನಾಯಿಗೆ ಪೂರ್ತಿ ಎಚ್ಚರವಾಗುವವರೆಗೆ ಅಲ್ಲೇ ಇರಿಸಿಕೊಳ್ಳುತ್ತಾರೆಯೇ ಎಂದು ಕೇಳಿ. ಇವುಗಳಿಗೆ ಖರ್ಚು ಇರುವುದರಿಂದ ಅತಿ ಕಡಿಮೆ ದರ ಹೇಳುವ ಕಡೆ ಯಾವುದನ್ನು ಬಿಟ್ಟಿದ್ದಾರೆ ಎಂದು ವಿಚಾರಿಸಬೇಕಾಗುತ್ತದೆ. ಹಾಗೆಂದು ತುಂಬಾ ಮುಂದೂಡಬೇಡಿ: ಶಸ್ತ್ರಚಿಕಿತ್ಸೆ ಆಗದ ಹೆಣ್ಣುನಾಯಿಗಳಿಗೆ ವಯಸ್ಸಾದಂತೆ ಗರ್ಭಕೋಶದಲ್ಲಿ ಕೀವು ತುಂಬುವ ಪಯೋಮೆಟ್ರಾ ಬರುವ ಸಂಭವವಿದೆ, ಆಗ ಅದೇ ಶಸ್ತ್ರಚಿಕಿತ್ಸೆಯನ್ನು ಬಳಲಿದ ದೇಹದ ಮೇಲೆ ತುರ್ತಾಗಿ ಮಾಡಬೇಕಾಗುತ್ತದೆ. ಬೆದೆಗೆ ಬಂದಿರುವಾಗ ರಕ್ತಸ್ರಾವ ಹೆಚ್ಚಾಗುವುದರಿಂದ, ಅದು ಮುಗಿದು ಎರಡು ಮೂರು ತಿಂಗಳಾದ ಮೇಲೆ ದಿನ ಗೊತ್ತು ಮಾಡಿಕೊಳ್ಳಿ.