ತುರ್ತಾಗಿ ಪದ ಬೇಕು: 'ಇಂಟ್ರಾಕೋಸ್ಟಲ್ ವಾಟರ್‌ವೇ'ಗೆ ಏನನ್ನೋಣ?

ಜಯನಗರದಿಂದ:
ಎಲ್ಲರಿಗೂ ನಮಸ್ಕಾರ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಹಾಯಿದೋಣಿಯಲ್ಲಿ ದಕ್ಷಿಣಕ್ಕೆ ಹೋದವರೊಬ್ಬರ ಪ್ರವಾಸ ಲೇಖನವನ್ನು ಅನುವಾದಿಸುತ್ತಿದ್ದೇನೆ. ಸೋಮವಾರ ಬೆಳಗ್ಗೆ ಪುಟ ಅಚ್ಚಿಗೆ ಹೋಗಬೇಕು. ದಾರಿಯ ಹೆಸರಲ್ಲೇ ಸಿಕ್ಕಿಬಿದ್ದಿದ್ದೇನೆ. ವರ್ಜೀನಿಯಾದ ನಾರ್ಫೋಕ್‌ನಲ್ಲಿ ಸೊನ್ನೆ ಮೈಲಿ, ಅಲ್ಲಿಂದ ಮಯಾಮಿಗೆ ಸುಮಾರು 1,090 ಮೈಲಿ. ಕಡಲಿಗೆ ಇಳಿಯದೆ ಹೊಳೆ, ಅಳಿವೆ, ತೋಡಿದ ಕಾಲುವೆಗಳನ್ನು ಹಿಡಿದು ಹೋಗುವ ದಾರಿ. ಚಳಿಗೆ ಮುಂಚೆ, ಅಕ್ಟೋಬರ್-ನವೆಂಬರಿನಲ್ಲಿ, ದೋಣಿಗಳು ಸಾಲುಸಾಲಾಗಿ ಇಳಿಯುತ್ತವೆ. 'ಅಂತರ್ಕರಾವಳಿ ಜಲಮಾರ್ಗ' ಎಂದು ಬರೆದು ಅಮ್ಮನಿಗೆ ಓದಿದೆ. "ಎರಡು ಕರಾವಳಿಗಳ ನಡುವಿನ ದಾರಿಯಾ?" ಎಂದರು.

ಬಸವನಗುಡಿಯಿಂದ:
ಅಮ್ಮನವರು ಕೇಳಿದ್ದು ಸರಿ. ಅಂತರರಾಜ್ಯ ಬಸ್ಸು ಹತ್ತಿದವರಿಗೆ 'ಅಂತರ' ಎಂದರೆ ನಡುವೆ. ರೇಫ ಹಾಕಿ 'ಅಂತರ್' ಎಂದು ಬರೆದರೆ 'ಒಳಗೆ' ಎಂದಾಗುತ್ತದೆ, ಆದರೆ ಓದುವವರು ಅದನ್ನು ಗಮನಿಸುವುದಿಲ್ಲ. ಬಿಡಿ ಅದನ್ನು. 'ಒಳಗರೆ ನೀರ್ದಾರಿ' ಎನ್ನಿ. ಕರೆ ಎಂದರೆ ದಡ, ಹಳಗನ್ನಡದಿಂದ ಬಂದ ಪದ. ಮಲ್ಪೆ ಪಕ್ಕದ ಪಡುಕರೆಯಲ್ಲೂ ಇರುವುದು ಅದೇ ಕರೆ: ಪಡುವಣ ದಡ. ಅದನ್ನು 'ಪಡುಕೆರೆ' ಎಂದೂ ಬರೆಯುತ್ತಾರೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ. ಕೆರೆ ಎಲ್ಲಿದೆ ತೋರಿಸಲಿ.

ರಾಜಾಜಿನಗರದಿಂದ:
ಸರ್, ನಾನು ಕುಂದಾಪುರದ ಕಡೆಯವಳು. 'ಒಳಗರೆ' ನನಗೇ ತಿಳಿಯಲಿಲ್ಲ. ಮರವಂತೆಯಲ್ಲಿ ಸೌಪರ್ಣಿಕಾ ಕಡಲಿನ ಪಕ್ಕದಲ್ಲೇ ಹರಿಯುತ್ತದೆ, ನಡುವೆ ಹೆದ್ದಾರಿ ಮಾತ್ರ. ನಮಗೆ ಅದು ಹೊಳೆ, ಅಷ್ಟೇ. ಕೇಳಿದವರಿಗೆ ಒಂದು ಎಚ್ಚರಿಕೆ: 'ಹಿನ್ನೀರು' ಎಲ್ಲೂ ಹಾಕಬೇಡಿ. ನಮ್ಮ ರಾಜ್ಯದ ಓದುಗರಿಗೆ ಹಿನ್ನೀರೆಂದರೆ ಲಿಂಗನಮಕ್ಕಿ, ಅಣೆಕಟ್ಟಿನ ಹಿಂದೆ ನಿಂತ ನೀರು. ಕೇರಳದ ಕೊಲ್ಲಂ–ಕೊಟ್ಟಪ್ಪುರಂ ದಾರಿಯನ್ನು 1993ರಲ್ಲಿ ರಾಷ್ಟ್ರೀಯ ಜಲಮಾರ್ಗ 3 ಎಂದು ಘೋಷಿಸಿದರು. ಅದೂ ಇಂಥದೇ ದಾರಿ. 'ಜಲಮಾರ್ಗ' ಆಗಲೇ ಜನರಿಗೆ ಗೊತ್ತು, ಅದನ್ನೇ ಇಟ್ಟುಕೊಳ್ಳಿ.

ಬಸವನಗುಡಿಯಿಂದ:
ಹೆದ್ದಾರಿ ಎಂದು ತಾವೇ ಬರೆದಿರಿ. ಅದನ್ನೂ ಒಂದು ದಿನ ಯಾರೋ ಕಟ್ಟಿದ್ದೇ. ಹೆದ್ದಾರಿಗೆ ಒಗ್ಗಿದ ನಾಲಿಗೆ ನೀರ್ದಾರಿಗೆ ಒಗ್ಗುವುದಿಲ್ಲವೇ? ಸಂಸ್ಕೃತದ ಸಾಲ ಸಾಕು.

ರಾಜಾಜಿನಗರದಿಂದ:
ಸಾಲದ ಮಾತು ಎತ್ತಿದ್ದಕ್ಕೆ ಹೇಳುತ್ತೇನೆ. ಬಂದರು, ಲಂಗರು ಎರಡೂ ಪಾರಸಿಯವು. ಅವನ್ನು ತೆಗೆದರೆ ನಮ್ಮ ದೋಣಿ ಎಲ್ಲಿ ನಿಲ್ಲಬೇಕು ಮಾರಾಯ್ರೆ? ನನ್ನಜ್ಜ ಲಂಗರನ್ನು ಕನ್ನಡವೆಂದೇ ತಿಳಿದು ಬದುಕಿದವರು. ಅದು ಕನ್ನಡವೇ.

ವಿಜಯನಗರದಿಂದ:
ಜಗಳದ ನಡುವೆ ಮೂಲ ಲೇಖನವನ್ನೇ ಮರೆತಿದ್ದೀರಿ. ಆ ದಾರಿಯ ದೋಣಿಯವರು ಕಾಲುವೆ ಹಿಡಿದು ಹೋದರೆ 'ಒಳಗೆ' ಹೋದೆವು ಎನ್ನುತ್ತಾರೆ. ಹವೆ ಚೆನ್ನಾಗಿದ್ದ ದಿನ ಅಳಿವೆ ದಾಟಿ ಕಡಲಲ್ಲಿ ಹೋದರೆ 'ಹೊರಗೆ'. ಈ ಜೋಡಿ ಉಳಿಯಬೇಕು. 'ಕರಾವಳಿ ಒಳದಾರಿ' ಎನ್ನಿ. ಒಳದಾರಿ ಎಲ್ಲರ ಬಾಯಲ್ಲೂ ಇದೆ. ನೀರಿನ ಮಾತನ್ನು ವಾಕ್ಯವೇ ಹೇಳುತ್ತದೆ.

ಜಯನಗರದಿಂದ:
ಒಳದಾರಿ ಹಾಕಿ ಇಡೀ ಲೇಖನ ಓದಿದೆ, ಸಲೀಸಾಗಿ ಹೋಯಿತು. 'ಮರುದಿನ ಹೊರಗೆ ಹೋದೆವು' ಎಂಬ ಸಾಲಿಗೆ ಅಡಿಟಿಪ್ಪಣಿಯೂ ಬೇಕಾಗಲಿಲ್ಲ. ಮೊದಲ ಸಲ ಬಂದಲ್ಲಿ ಮೂಲ ಹೆಸರನ್ನೂ ಕೊಟ್ಟಿದ್ದೇನೆ. ಅಮ್ಮ ಒಪ್ಪಿದರು. ಇನ್ನೊಂದು ಉಳಿದಿದೆ: ಆ ದಾರಿಯ ಎತ್ತರದ ಸೇತುವೆಗಳು ಸಾಮಾನ್ಯವಾಗಿ ನೀರಿನಿಂದ 65 ಅಡಿ ಮೇಲಿವೆ. ಅದಕ್ಕಿಂತ ಎತ್ತರದ 'ಮಾಸ್ಟ್' ಇದ್ದರೆ ದೋಣಿ ದಾಟುವುದಿಲ್ಲ. ಮಾಸ್ಟ್‌ಗೆ?

ಬಸವನಗುಡಿಯಿಂದ:
ಕೂವೆ. ನಿಘಂಟಿನಲ್ಲಿದೆ.

ರಾಜಾಜಿನಗರದಿಂದ:
ನಮ್ಮಲ್ಲಿ ಕೂವೆ ಎಂದರೆ ಮಗುವಿಗೆ ಹೊಟ್ಟೆ ಕೆಟ್ಟಾಗ ಗಂಜಿ ಮಾಡುವ ಹುಡಿ. ಹಾಯಿಮರ ಎನ್ನಿ.