ಚಳಿಯಲ್ಲಿ ನಿಂತು ಜಾಹೀರಾತು ನೋಡುವವರು

"ನಾಲ್ಕಕ್ಕೆ ಅಲಾರಂ. ಐದಕ್ಕೆ ಮೆಟ್ರೋಪಾರ್ಕ್ ಸ್ಟೇಷನ್. ಆರಕ್ಕೆ ನ್ಯೂಯಾರ್ಕಿನ ಪೆನ್ ಸ್ಟೇಷನ್. ಆರೂವರೆಗೆ ಸಿಕ್ಸ್ತ್ ಅವೆನ್ಯೂದಲ್ಲಿ ಜಾಗ ಹಿಡಿದಾಯ್ತು," ಎಂದು ರಮೇಶ ಫೋನಿನಲ್ಲಿದ್ದ ಪಟ್ಟಿಯನ್ನು ಓದಿ ಮುಗಿಸಿದ.

"ಯಾರ ಮನೆ ಮುಹೂರ್ತ ಇದು?" ಎಂದರು ಚಂದ್ರಣ್ಣ, ಆಂಬೊಡೆ ಮುರಿಯುತ್ತಾ.

"ಮೇಸೀಸ್ ಪರೇಡ್, ಚಂದ್ರಣ್ಣ. ನಾಳೆ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಅಲ್ವಾ? ಅಪ್ಪ ಬೇರೆ ಬಂದಿದ್ದಾರೆ. ಇಷ್ಟು ದೂರ ಕರೆಸಿಕೊಂಡು ತೋರಿಸದಿದ್ದರೆ ಹೇಗೆ?"

"ಅಪ್ಪನ ಹೆಸರು ತರಬೇಡ. ರಾಯರು ಕೇಳಿದರಾ?"

ರಾಯರು ಸೋಫಾದ ಮೂಲೆಯಲ್ಲಿದ್ದರು. ಸ್ವೆಟರಿನ ಮೇಲೆ ಸ್ವೆಟರ್, ಅದರ ಮೇಲೆ ಮಫ್ಲರ್. ನ್ಯೂಜೆರ್ಸಿಯ ಎಡಿಸನ್‌ಗೆ ಬಂದಾಗಿನಿಂದ ಅವರು ಮನೆಯೊಳಗೂ ಅದೇ ವೇಷದಲ್ಲಿದ್ದಾರೆ. "ನಾನೇನೂ ಕೇಳಿಲ್ಲಪ್ಪ. ದೊಡ್ಡ ದೊಡ್ಡ ಬಲೂನು ಬರುತ್ತವೆ ಅಂತ ಇವನೇ ಹೇಳಿದ."

"ಸುಮ್ನೆ ದೊಡ್ಡದಲ್ಲ ಅಂಕಲ್," ಎಂದ ಕಿಟ್ಟಿ. "ಮೂರು ನಾಲ್ಕು ಮಹಡಿ ಎತ್ತರ. ಒಳಗೆ ಹೀಲಿಯಂ. ಒಂದೊಂದನ್ನು ಹಿಡಿದುಕೊಳ್ಳಲು ಎಂಬತ್ತು ತೊಂಬತ್ತು ಜನ ಬೇಕು. ಇಲ್ಲದಿದ್ದರೆ ಹಾರಿಯೇ ಹೋಗುತ್ತದೆ."

"ಬಲೂನಿನಲ್ಲಿ ಏನಿರುತ್ತದೆ?"

"ಸ್ನೂಪಿ, ಪಿಕಾಚು... ಕಾರ್ಟೂನು ಗೊಂಬೆಗಳು."

"ದೇವರಿಲ್ಲವಾ?"

"ಇದೆಯಲ್ಲ," ಎಂದರು ಚಂದ್ರಣ್ಣ. "ಮೇಸೀಸ್ ಅಂದರೆ ಬಟ್ಟೆ ಅಂಗಡಿ ರಾಯರೇ. ಬಟ್ಟೆ, ಪಾತ್ರೆ, ಹಾಸಿಗೆ, ಸೆಂಟು ಎಲ್ಲ ಒಂದೇ ಸೂರಿನಡಿ. ಮೆರವಣಿಗೆ ಎರಡೂವರೆ ಮೈಲಿ ಹೋಗಿ ನಿಲ್ಲುವುದು ಮೂವತ್ತನಾಲ್ಕನೇ ಬೀದಿಯಲ್ಲಿ, ಅದೇ ಅಂಗಡಿಯ ಬಾಗಿಲಲ್ಲಿ. ಗರ್ಭಗುಡಿ ಅಲ್ಲಿದೆ. ಕೊನೆಗೆ ಸ್ಯಾಂಟಾ ಬರುತ್ತಾನೆ. ಇನ್ನು ಕ್ರಿಸ್ಮಸ್ ಖರೀದಿ ಶುರು ಮಾಡಿ ಅಂತ ಅರ್ಥ."

"ಚಂದ್ರಣ್ಣ, ನಿಮಗೆ ಎಲ್ಲದರಲ್ಲೂ ಹುಳುಕು ಕಾಣುತ್ತದೆ," ಎಂದಳು ವೀಣಾ, ಅಡುಗೆಮನೆಯಿಂದಲೇ.

"ಇಲ್ಲಮ್ಮ, ಒಂದು ಲೆಕ್ಕ ಕೇಳುತ್ತೇನೆ. ರಮೇಶಾ, ಫೋನಿನಲ್ಲಿ ವಿಡಿಯೋ ನೋಡುವುದಕ್ಕೆ ತಿಂಗಳು ತಿಂಗಳು ದುಡ್ಡು ಕಟ್ಟುತ್ತೀಯಲ್ಲ, ಯಾಕೆ?"

"ಜಾಹೀರಾತು ಬರಬಾರದು ಅಂತ."

"ಐದು ಸೆಕೆಂಡಿನ ಜಾಹೀರಾತು ತಡೆಯಲಾರೆ. ಅದಕ್ಕೆ ದುಡ್ಡು ಕೊಡುತ್ತೀಯ. ನಾಳೆ ಐದು ಗಂಟೆ ಚಳಿಯಲ್ಲಿ ನಿಂತು, ಕತ್ತು ಮೇಲೆತ್ತಿ, ನಾಲ್ಕು ಮಹಡಿ ಎತ್ತರದ ಜಾಹೀರಾತು ನೋಡುತ್ತೀಯ. ಅದಕ್ಕೂ ರೈಲಿಗೆ ದುಡ್ಡು ಕೊಡುತ್ತೀಯ. ಒಟ್ಟಿನಲ್ಲಿ ನೋಡದಿರುವುದಕ್ಕೂ ನೋಡುವುದಕ್ಕೂ ನಿನ್ನದೇ ಜೇಬು."

ಕಿಟ್ಟಿ ಜೋರಾಗಿ ನಕ್ಕ. ರಮೇಶ ನಗಲಿಲ್ಲ. "ನೂರು ವರ್ಷದ ಸಂಪ್ರದಾಯ ಸ್ವಾಮಿ ಇದು. 1924ರಲ್ಲಿ ಶುರುವಾದದ್ದು."

"ಹೌದು. ಆಗ ಅದಕ್ಕೆ ಕ್ರಿಸ್ಮಸ್ ಪರೇಡ್ ಅಂತಲೇ ಹೆಸರಿತ್ತು. ಮುಚ್ಚುಮರೆ ಇರಲಿಲ್ಲ. ಅಂಗಡಿಯ ನೌಕರರೇ ವೇಷ ಹಾಕಿಕೊಂಡು ಹಾರ್ಲೆಮ್‌ನಿಂದ ನಡೆದರು. ಸೆಂಟ್ರಲ್ ಪಾರ್ಕ್ ಮೃಗಾಲಯದಿಂದ ಕರಡಿ, ಒಂಟೆ, ಆನೆ ಎಲ್ಲ ಕರೆತಂದಿದ್ದರು."

"ಆನೆ ಇತ್ತಾ?" ರಾಯರು ಮಫ್ಲರು ಸಡಿಲಿಸಿ ಮುಂದೆ ಬಾಗಿದರು. ಮೈಸೂರಿನವರಿಗೆ ಆನೆ ಎಂದರೆ ಸಾಕು.

"ಇತ್ತು. ಮಕ್ಕಳು ಪ್ರಾಣಿಗಳನ್ನು ನೋಡಿ ಹೆದರಿದರಂತೆ. 1927ರಲ್ಲಿ ಬಲೂನು ತಂದರು. ಟೋನಿ ಸಾರ್ಗ್ ಅಂತ ಒಬ್ಬ ಸೂತ್ರದ ಗೊಂಬೆಯಾಟದವನು ವಿನ್ಯಾಸ ಮಾಡಿದ. ಗುಡ್‌ಇಯರ್ ಟೈರು ಕಂಪನಿಯವರು ರಬ್ಬರಿನಲ್ಲಿ ತಯಾರಿಸಿಕೊಟ್ಟರು."

"ಆನೆ ಬಿಟ್ಟು ಟೈರು ತಂದರಾ!" ರಾಯರು ಮತ್ತೆ ಸೋಫಾಕ್ಕೆ ಒರಗಿದರು.

"ಆನೆ ಏನನ್ನೂ ಮಾರುವುದಿಲ್ಲವಲ್ಲ ರಾಯರೇ. ಅದರ ಹೊಟ್ಟೆಯ ಮೇಲೆ ಹೆಸರು ಬರೆಯೋಣ ಅಂದರೆ ಮೈ ಉಜ್ಜಿಕೊಂಡು ಅಳಿಸಿಬಿಡುತ್ತದೆ."

ಕಿಟ್ಟಿಗೆ ಎಂದಿನಂತೆ ವ್ಯಾಪಾರದ ಬುದ್ಧಿ ಓಡಿತು. "ಪರೇಡ್ ಮುಗಿದ ಮೇಲೆ ಅಷ್ಟು ದೊಡ್ಡ ಬಲೂನನ್ನು ಏನು ಮಾಡುತ್ತಾರೆ?"

"ಈಗ ಅಂಗಡಿಯ ಪಕ್ಕದಲ್ಲೇ ಗಾಳಿ ಬಿಟ್ಟು, ಮೇಲೆ ಬಿದ್ದು ಹೊರಳಾಡಿ, ಸುತ್ತಿ ಇಡುತ್ತಾರೆ. ಮೊದಲು ಆಕಾಶಕ್ಕೆ ಬಿಟ್ಟುಬಿಡುತ್ತಿದ್ದರು ಕಣೋ. 1928ರಲ್ಲಿ ಬಿಟ್ಟವು ಮೇಲೆ ಹೋಗಿ ಒಡೆದುಹೋದವು. ಆಮೇಲೆ ವಾಲ್ವ್ ಇಟ್ಟು ಬಿಟ್ಟರು. ನಾಲ್ಕಾರು ದಿನ ತೇಲಿ ಎಲ್ಲೋ ಇಳಿಯುತ್ತಿತ್ತು. ತಂದುಕೊಟ್ಟವರಿಗೆ ನೂರು ಡಾಲರ್ ಬಹುಮಾನ."

"ಆ ಕಾಲದ ನೂರು ಡಾಲರ್!" ಕಿಟ್ಟಿ ಆಗಲೇ ಮನಸ್ಸಿನಲ್ಲಿ ಅದನ್ನು ಷೇರಿಗೆ ಹಾಕಿದ್ದ.

"ನಿನ್ನಂಥವರೇ ಇದ್ದರು. ಬಲೂನಿಗೆ ಜನ ಕಿತ್ತಾಡಿದರು. 1932ರಲ್ಲಿ ವಿಮಾನ ಓಡಿಸಲು ಕಲಿಯುತ್ತಿದ್ದ ಒಬ್ಬ ಹುಡುಗಿ ಹಾರುತ್ತಿದ್ದ ಬೆಕ್ಕಿನ ಬಲೂನಿಗೆ ವಿಮಾನ ನುಗ್ಗಿಸಿದಳು. ರಬ್ಬರು ರೆಕ್ಕೆಗೆ ಸುತ್ತಿಕೊಂಡು ವಿಮಾನ ಗಿರಕಿ ಹೊಡೆಯಿತು. ಪಕ್ಕದಲ್ಲಿದ್ದ ಮೇಷ್ಟ್ರು ಹೇಗೋ ಉಳಿಸಿದ. ಅಲ್ಲಿಗೆ ಬಿಡುವುದು ನಿಂತಿತು. ಜಾಹೀರಾತಿನ ಕೈಯಲ್ಲಿ ಸಾಯುವುದು ಅಂದರೆ ಇನ್ನು ಹೇಗಿರಬೇಕು?"

"ಅದು ಎಂದೋ ಆದದ್ದು," ಎಂದ ರಮೇಶ.

"1997 ಎಂದೋ ಅಲ್ಲಪ್ಪ. ಗಾಳಿ ಜೋರಾಗಿ ಬಂದು ಟೋಪಿ ಹಾಕಿದ ಬೆಕ್ಕಿನ ಬಲೂನು ದೀಪದ ಕಂಬಕ್ಕೆ ಹೊಡೆಯಿತು. ಕಂಬ ಮುರಿದು ಕೆಳಗಿದ್ದ ಹೆಂಗಸಿನ ತಲೆಗೆ ಬಿತ್ತು. ಪಾಪ, ಭಾರೀ ಪೆಟ್ಟು. ಆಮೇಲೆ ಗಾತ್ರಕ್ಕೆ ಮಿತಿ ಬಂತು. ಗಾಳಿಯ ವೇಗ ಗಂಟೆಗೆ 23 ಮೈಲಿ ದಾಟಿದರೆ ದೊಡ್ಡ ಬಲೂನು ಹಾರಿಸುವ ಹಾಗಿಲ್ಲ."

"ಎರಡೂ ಸಲ ಬೆಕ್ಕೇ," ಎಂದರು ರಾಯರು. "ಬೆಕ್ಕು ಅಡ್ಡ ಬಂದರೆ ಆಗುವುದೇ ಹಾಗೆ."

ವೀಣಾ ಬಿಸಿಬೇಳೆಬಾತಿನ ಪಾತ್ರೆ ತಂದು ಮೇಜಿನ ಮೇಲಿಟ್ಟಳು. ಊರೆಲ್ಲ ನಾಳೆ ಟರ್ಕಿ ಕೋಳಿ ಬೇಯಿಸುತ್ತದೆ, ಎಡಿಸನ್ ಇವತ್ತೇ ಬಿಸಿಬೇಳೆಬಾತ್ ಮಾಡಿಟ್ಟುಕೊಳ್ಳುತ್ತದೆ. "ನೀವು ಎಷ್ಟೇ ಬೈಯಿರಿ ಚಂದ್ರಣ್ಣ, ಹಬ್ಬ ಹಬ್ಬವೇ. ಅಂಗಡಿಯವರು ಮಾಡಿದರೇನಂತೆ?"

"ಅಂಗಡಿಯವರು ಹಬ್ಬ ಮಾಡಿದರೆ ತಕರಾರಿಲ್ಲಮ್ಮ. ಹಬ್ಬದ ತಾರೀಖೇ ಅಂಗಡಿಯವರದ್ದು. 1939ರಲ್ಲಿ ನವೆಂಬರಿಗೆ ಐದು ಗುರುವಾರ ಬಂತು. ಥ್ಯಾಂಕ್ಸ್‌ಗಿವಿಂಗ್ ಕೊನೇ ಗುರುವಾರ. ತಿಂಗಳೇ ಮುಗಿಯಿತಲ್ಲ, ಕ್ರಿಸ್ಮಸ್ ವ್ಯಾಪಾರಕ್ಕೆ ದಿನ ಸಾಲುವುದಿಲ್ಲ ಅಂತ ವರ್ತಕರು ಅತ್ತರು. ಅಧ್ಯಕ್ಷ ರೂಸ್‌ವೆಲ್ಟ್ ಹಬ್ಬವನ್ನು ಒಂದು ವಾರ ಹಿಂದಕ್ಕೆ ತಂದುಬಿಟ್ಟರು. ಕೆಲವು ರಾಜ್ಯಗಳು ಒಪ್ಪಿದವು, ಕೆಲವು ಒಪ್ಪಲಿಲ್ಲ. ಒಂದೇ ದೇಶದಲ್ಲಿ ಎರಡು ಥ್ಯಾಂಕ್ಸ್‌ಗಿವಿಂಗ್! 1941ರಲ್ಲಿ ಕಾನೂನು ಮಾಡಿ ನಾಲ್ಕನೇ ಗುರುವಾರ ಅಂತ ಖಾಯಂ ಮಾಡಿದರು."

"ಅದರಲ್ಲೇನು? ನಮಗೂ ಸ್ಮಾರ್ತರಿಗೂ ಏಕಾದಶಿ ಬೇರೆ ಬೇರೆ ದಿನ ಬರುವುದಿಲ್ಲವೇ, ಹಾಗೆ," ಎಂದರು ರಾಯರು.

"ನೀವು ಪಂಚಾಂಗ ನೋಡುತ್ತೀರಿ ರಾಯರೇ. ಇವರು ಗಲ್ಲಾಪೆಟ್ಟಿಗೆ ನೋಡಿದರು."

ಮಾತು ಸ್ವಲ್ಪ ಹೊತ್ತು ಏಕಾದಶಿಗೆ ಹೋಯಿತು. ಅಲ್ಲಿಂದ ಅವಲಕ್ಕಿಗೆ, ಅವಲಕ್ಕಿಯಿಂದ ಓಕ್ ಟ್ರೀ ರೋಡಿನಲ್ಲಿ ಅದರ ಬೆಲೆ ಏರಿದ್ದಕ್ಕೆ. ಕಿಟ್ಟಿಯೇ ಮತ್ತೆ ಎಳೆದು ತಂದ.

"ಒಂದು ವಿಷಯ ಗೊತ್ತಾ? ಈ ಬಲೂನು, ಟ್ಯಾಬ್ಲೋ ಎಲ್ಲ ತಯಾರಾಗುವುದು ನಮ್ಮ ನ್ಯೂಜೆರ್ಸಿಯಲ್ಲೇ. ಮೊದಲು ಹೊಬೊಕೆನ್‌ನಲ್ಲಿತ್ತು, ಈಗ ಮೂನಾಕಿಯಲ್ಲಿ. ಮೂರಂತಸ್ತಿನ ಟ್ಯಾಬ್ಲೋ ಮ್ಯಾನ್‌ಹಾಟನ್‌ಗೆ ಹೋಗುವ ಲಿಂಕನ್ ಟನಲ್ಲಿನಲ್ಲಿ ಹಿಡಿಸಬೇಕು. ಅದಕ್ಕೆ ಹನ್ನೆರಡೂವರೆ ಅಡಿ ಎತ್ತರ, ಎಂಟಡಿ ಅಗಲಕ್ಕೆ ಮಡಚುವ ಹಾಗೆ ಕಟ್ಟಿರುತ್ತಾರೆ. ರಾತ್ರಿ ದಾಟಿಸಿ, ಆಚೆ ಬಿಚ್ಚಿ ನಿಲ್ಲಿಸುತ್ತಾರೆ."

"ನೀನೂ ದಿನಾ ಹಾಗೇ ಹೋಗುತ್ತೀಯಲ್ಲ ಆಫೀಸಿಗೆ," ಎಂದರು ಚಂದ್ರಣ್ಣ. "ರೈಲಿನಲ್ಲಿ ಮಡಚಿಕೊಂಡು ಹೋಗಿ ಮ್ಯಾನ್‌ಹಾಟನ್‌ನಲ್ಲಿ ಬಿಚ್ಚಿಕೊಳ್ಳುವುದು. ನಿನ್ನನ್ನು ನೋಡಲು ಯಾರೂ ಚಳಿಯಲ್ಲಿ ನಿಲ್ಲುವುದಿಲ್ಲ, ಅಷ್ಟೇ ವ್ಯತ್ಯಾಸ."

"ನಾನೇ ಬಲೂನು ಹಿಡಿಯಲು ಹೋದರೆ? ಅಲ್ಲಿನ ನೌಕರರು, ಅವರ ಗೆಳೆಯರು ಹಿಡಿಯುತ್ತಾರಂತೆ. ಕನಿಷ್ಠ ಐವತ್ತೈದು ಕಿಲೋ ತೂಕ ಇರಬೇಕಂತೆ, ಗಾಳಿ ಎತ್ತಿಕೊಂಡು ಹೋಗಬಾರದು ಅಂತ."

"ನಿನಗೆ ಆ ಭಯವಿಲ್ಲ. ಬಲೂನಿಗೇ ಭಯ."

"ಸಂಬಳ ಕೊಡುತ್ತಾರಾ?" ಎಂದರು ರಾಯರು.

"ಇಲ್ಲ ಅಂಕಲ್, ಸ್ವಯಂಸೇವಕರು."

"ನೋಡಿ, ಪೂರ್ತಿಯಾಯ್ತು," ಎಂದರು ಚಂದ್ರಣ್ಣ. "ನೋಡುವವನು ದುಡ್ಡು ಕೊಟ್ಟು ಬರುತ್ತಾನೆ. ಹೊರುವವನು ದುಡ್ಡಿಲ್ಲದೆ ಬರುತ್ತಾನೆ. ಇಂಥ ಜಾಹೀರಾತು ಲೋಕದಲ್ಲಿ ಇನ್ನೊಂದಿಲ್ಲ. 1958ರಲ್ಲಿ ಹೀಲಿಯಂ ಸಿಗಲಿಲ್ಲ. ಬಿಟ್ಟರಾ? ಬರೀ ಗಾಳಿ ತುಂಬಿ ಕ್ರೇನಿಗೆ ನೇತುಹಾಕಿ ಎಳೆದುಕೊಂಡು ಹೋದರು. ಅದಕ್ಕೂ ಮುಂಚೆ ಎರಡನೇ ಮಹಾಯುದ್ಧ ಬಂದಾಗ ಮಾತ್ರ ಮೂರು ವರ್ಷ ನಿಲ್ಲಿಸಿ, ರಬ್ಬರನ್ನೆಲ್ಲ ಸೈನ್ಯಕ್ಕೆ ಕೊಟ್ಟರು. ಒಪ್ಪಿಕೊಳ್ಳಬೇಕು, ಅದು ದೊಡ್ಡತನ."

"ಕೊರೋನಾ ವರ್ಷ?"

"2020ರಲ್ಲಿ ಬಿಡಲಿಲ್ಲ. ಅಂಗಡಿಯ ಮುಂದಿನ ಒಂದೇ ಬೀದಿಯಲ್ಲಿ ಮಾಡಿ ಟಿವಿಗೆ ಕೊಟ್ಟರು. ಜನರೇ ಇಲ್ಲ."

"ನಮ್ಮಲ್ಲೂ ಹಾಗೇ ಆಯಿತು," ಎಂದರು ರಾಯರು. "ಜಂಬೂಸವಾರಿಯನ್ನು ಅರಮನೆ ಆವರಣದೊಳಗೇ ಮುಗಿಸಿದರು. ಅಭಿಮನ್ಯು ಅಂಬಾರಿ ಹೊತ್ತ ಮೊದಲ ವರ್ಷ. ಪಾಪ, ಬನ್ನಿಮಂಟಪದವರೆಗೂ ನಡೆಯುವ ಯೋಗ ಅದಕ್ಕೆ ಬರಲಿಲ್ಲ."

"ನಿಮ್ಮ ದಸರೆಯಲ್ಲೂ ಜಾಹೀರಾತಿದೆ, ರಾಯರೇ, ಬೇಜಾರು ಮಾಡಿಕೊಳ್ಳಬೇಡಿ. ಸ್ತಬ್ಧಚಿತ್ರಗಳೆಲ್ಲ ಏನು? ಸರ್ಕಾರದ ಯೋಜನೆಗಳು. ಇಲ್ಲಿ ಅಂಗಡಿಯದ್ದು, ಅಲ್ಲಿ ಇಲಾಖೆಯದ್ದು."

"ಅದು ಮುಂದೆ ಹೋಗುತ್ತದೆ ಬಿಡಿ. ಕೊನೆಗೆ ಚಾಮುಂಡೇಶ್ವರಿ ಬರುತ್ತಾಳೆ. 750 ಕಿಲೋ ತೂಕದ, ಚಿನ್ನದ ತಗಡು ಹೊದಿಸಿದ ಅಂಬಾರಿ. ಅದರಲ್ಲಿ ಯಾರೂ ಏನೂ ಬರೆದಿಲ್ಲ."

ಚಂದ್ರಣ್ಣನಿಗೆ ಉತ್ತರ ಹೊಳೆಯಲಿಲ್ಲ. ಅಪರೂಪದ ಗಳಿಗೆ. ಸಿಟ್ಟನ್ನು ತಿರುಗಿಸಲು ಮೆಟ್ಟಿಲ ಮೇಲೆ ಕುಳಿತಿದ್ದ ಸಿರಿಯನ್ನು ಹಿಡಿದರು. "ಪುಟ್ಟೀ, ನಾಳೆ ಹೋಗಬೇಕು ಅಂತ ನೀನು ಹೇಳಿದೆಯಾ?"

"ಇಲ್ಲ ಅಂಕಲ್. ಟಿವಿಯಲ್ಲಿ ಇನ್ನೂ ಚೆನ್ನಾಗಿ ಕಾಣುತ್ತೆ. ಬ್ಲಾಂಕೆಟ್ ಹೊದ್ದುಕೊಂಡು ನೋಡಬಹುದು."

"ವೀಣಾ, ನೀನು?"

"ನನಗೆ ನಾಳೆ ಒಂದು ದಿನ ಎಂಟು ಗಂಟೆವರೆಗೆ ಮಲಗಲು ಸಿಕ್ಕಿದರೆ ಸಾಕು."

"ರಾಯರು ಕೇಳಿಲ್ಲ. ಮಗು ಕೇಳಿಲ್ಲ. ಹೆಂಡತಿ ಕೇಳಿಲ್ಲ. ಕಿಟ್ಟಿ ಊಟ ಇದ್ದ ಕಡೆ ಬರುತ್ತಾನೆ. ಹಾಗಾದರೆ ಈ ಪರೇಡ್ ಯಾರಿಗಯ್ಯ ಬೇಕಾಗಿರುವುದು?"

ರಮೇಶ ಫೋನನ್ನು ಮಗುಚಿ ಇಟ್ಟ. "ನನಗೆ."

"ಯಾಕೆ?"

"ಇಲ್ಲಿಗೆ ಬಂದ ಮೇಲೆ ಒಂದು ದಸರೆಯೂ ಸಿಕ್ಕಿಲ್ಲ ಚಂದ್ರಣ್ಣ. ಅಕ್ಟೋಬರಿನಲ್ಲಿ ಇವಳಿಗೆ ಸ್ಕೂಲು, ನನಗೆ ರಜೆ ಇಲ್ಲ. ಅಲ್ಲಿ ಸಂಜೆ ಅಂದರೆ ಇಲ್ಲಿ ಬೆಳ್ಳಂಬೆಳಗ್ಗೆ. ಎದ್ದು ಫೋನಿನಲ್ಲಿ ನೋಡುತ್ತೇನೆ. ಒಂದು ವರ್ಷ ಅಂಬಾರಿ ಅರಮನೆ ಬಾಗಿಲಿಗೆ ಬಂತು. ಬ್ಯಾಂಡು ಶುರುವಾಯಿತು. ಸರಿಯಾಗಿ ಆಗ ಹಾಸಿಗೆಯ ಜಾಹೀರಾತು ಬಂತು. ಅದು ಮುಗಿಯುವಷ್ಟರಲ್ಲಿ ಆನೆಯ ಬಾಲ ಕಾಣುತ್ತಿತ್ತು. ಅವತ್ತಿನಿಂದ ದುಡ್ಡು ಕಟ್ಟುತ್ತಿದ್ದೇನೆ, ನೀವು ಹೇಳಿದಿರಲ್ಲ, ಅದು."

"ಅವತ್ತು ನಾನು ಆಯುರ್ವೇದ ಆಸ್ಪತ್ರೆ ಸರ್ಕಲ್ಲಿನಲ್ಲೇ ನಿಂತಿದ್ದೆ," ಎಂದರು ರಾಯರು. "ನಿನಗೆ ತೋರಿಸೋಣ ಅಂತ ಫೋನು ಎತ್ತಿ ಹಿಡಿದಿದ್ದೆ. ಲಕ್ಷಗಟ್ಟಲೆ ಜನ, ಸಿಗ್ನಲ್ಲೇ ಇಲ್ಲ. ನಿನಗೂ ಕಾಣಲಿಲ್ಲ. ಫೋನು ಅಡ್ಡ ಹಿಡಿದಿದ್ದೆನಲ್ಲ, ನನಗೂ ಸರಿಯಾಗಿ ಕಾಣಲಿಲ್ಲ."

"ನೀವು ಹೇಳಲೇ ಇಲ್ಲ ಅಪ್ಪ."

"ಹೇಳುವುದೇನಿದೆ."

"ಏನು ಬರುತ್ತದೆ ಅನ್ನುವುದು ಮುಖ್ಯವಲ್ಲ ಚಂದ್ರಣ್ಣ," ಎಂದ ರಮೇಶ. "ಸ್ನೂಪಿಯೋ, ಮತ್ತೊಂದೋ. ರಸ್ತೆ ಪಕ್ಕದಲ್ಲಿ ಕಾಯುತ್ತಾ ನಿಲ್ಲಬೇಕು. ಮುಂದೆ ಇದ್ದವನು ಬಂತು ಬಂತು ಅನ್ನಬೇಕು. ಬಂದಿರಬಾರದು. ಹಿಂದಿನವನು ತಳ್ಳಬೇಕು. ಅಷ್ಟು ಸಾಕು ನನಗೆ."

ಚಂದ್ರಣ್ಣ ಬಿಸಿಬೇಳೆಬಾತಿಗೆ ಬೂಂದಿ ಹಾಕಿಕೊಂಡರು. ಬೇಕಾದದ್ದಕ್ಕಿಂತ ಸ್ವಲ್ಪ ಜಾಸ್ತಿಯೇ. "ಐದು ಗಂಟೆಗೆ ಅಂದೆಯಲ್ಲ, ಅದರ ಮುಂಚೆ ರೈಲು ಇಲ್ಲವಾ? ಆರೂವರೆಗೆ ಹೋದರೆ ಮೂರನೇ ಸಾಲು ಸಿಗುತ್ತದೆ. ಮುಂದಿನವನ ಟೋಪಿ ನೋಡಿಕೊಂಡು ಬರಬೇಕಾಗುತ್ತದೆ."

"ನೀವೂ ಬರುತ್ತೀರಾ?" ವೀಣಾಗೆ ನಂಬಿಕೆಯಾಗಲಿಲ್ಲ.

"ನಾನು ಬಲೂನು ನೋಡುವುದಿಲ್ಲ. ರಾಯರಿಗೆ ಜೊತೆ ಇರುತ್ತೇನೆ."

ಪಟ್ಟಿ ಮತ್ತೆ ತಯಾರಾಯಿತು. ಕಿಟ್ಟಿ ಮಡಚುವ ಕುರ್ಚಿ ತರುತ್ತೇನೆ ಎಂದ. ವೀಣಾ ಫ್ಲಾಸ್ಕಿನಲ್ಲಿ ಕಾಫಿ ಎಂದಳು. ಸಿರಿ, ನಾನು ಬರುವುದಿಲ್ಲ ಅಮ್ಮನ ಜೊತೆ ಮಲಗುತ್ತೇನೆ, ಟಿವಿಯಲ್ಲಿ ನಿಮ್ಮನ್ನು ಹುಡುಕುತ್ತೇನೆ ಎಂದಳು. ರಾಯರು ಮೂರನೇ ಸ್ವೆಟರಿನ ಬಗ್ಗೆ ವಿಚಾರಿಸಿದರು. ಆಮೇಲೆ ಸ್ವಲ್ಪ ಸಂಕೋಚದಿಂದ ಗಂಟಲು ಸರಿಮಾಡಿಕೊಂಡರು.

"ಅಲ್ಲಪ್ಪ, ಐದಾರು ಗಂಟೆ ನಿಲ್ಲಬೇಕು ಅನ್ನುತ್ತೀರಿ. ಕಾಫಿ ಬೇರೆ. ನನಗೋ ವಯಸ್ಸು. ದಾರಿಯಲ್ಲಿ ಬಾತ್‌ರೂಮು ಎಲ್ಲಿದೆ?"

ರಮೇಶ ಫೋನು ನೋಡಿದ. ಕಿಟ್ಟಿ ಸೂರು ನೋಡಿದ.

"ಮೂವತ್ತೈದು ಲಕ್ಷ ಜನ ಬರುತ್ತಾರೆ ರಾಯರೇ," ಎಂದರು ಚಂದ್ರಣ್ಣ. "ಎರಡೂವರೆ ಮೈಲಿ ಉದ್ದಕ್ಕೂ ಒಂದೂ ಇಟ್ಟಿಲ್ಲ. ಅದೊಂದಕ್ಕೆ ಮಾತ್ರ ಇನ್ನೂ ಪ್ರಾಯೋಜಕರು ಸಿಕ್ಕಿಲ್ಲ."