ನೈಟ್ರೋಸೆಫಿನ್: ಬ್ಲಾಂಕ್ ಕೂಡ ಕೆಂಪಾಗ್ತಿದೆ, ರೀಡಿಂಗ್ 2ರಲ್ಲೇ ನಿಲ್ತಿದೆ

ಬಯೋಕೆಮ್_ದಾವಣಗೆರೆ:
ಬಿ.ಎಸ್ಸಿ ಕೊನೆ ಸೆಮಿಸ್ಟರ್ ಪ್ರಾಜೆಕ್ಟ್, ಬ್ಯಾಕ್ಟೀರಿಯಾ ಆಂಪಿಸಿಲಿನ್‌ಗೆ ಬಗ್ಗದಂತೆ ಮಾಡುವ ಬೀಟಾ-ಲ್ಯಾಕ್ಟಮೇಸ್ ಎಂಜೈಮ್ ಮೇಲೆ. ಅದರ ಜೀನ್ ಹೊತ್ತ ಪಿಯುಸಿ19 ಪ್ಲಾಸ್ಮಿಡ್ ಇರುವ ಡಿಎಚ್5ಆಲ್ಫಾ (ಇ. ಕೋಲಿ) ಕೋಶಗಳನ್ನು ಲೈಸೋಜೈಮ್ ಹಾಕಿ ಒಡೆದಿದ್ದೇವೆ, ಸೋನಿಕೇಟರ್ ಇಲ್ಲ. ಅಸ್ಸೇಗೂ ಅದೇ ಬಫರ್, ಅದರಲ್ಲಿ 5 ಮಿಲಿಮೋಲಾರ್ ಬೀಟಾ-ಮರ್ಕ್ಯಾಪ್ಟೋಇಥನಾಲ್ ಇದೆ. 1 ಮಿ.ಲೀ. ಅಸ್ಸೇಯಲ್ಲಿ ನೈಟ್ರೋಸೆಫಿನ್ (ಈ ಎಂಜೈಮ್ ಒಡೆದರೆ ಹಳದಿಯಿಂದ ಕೆಂಪಾಗುವ ಸಬ್‌ಸ್ಟ್ರೇಟ್) 100 ಮೈಕ್ರೋಮೋಲಾರ್, ಎಕ್ಸ್‌ಟ್ರಾಕ್ಟ್ 20 ಮೈಕ್ರೋಲೀಟರ್. ಹಾಕಿದ ಕೂಡಲೇ ಕೆಂಪು. 486 ನ್ಯಾನೋಮೀಟರ್‌ನಲ್ಲಿ 2.0 ತೋರಿಸಿ ಅಲ್ಲೇ ನಿಲ್ಲುತ್ತೆ. ಎಕ್ಸ್‌ಟ್ರಾಕ್ಟ್ ಹಾಕದ ಬ್ಲಾಂಕ್ ಕೂಡ ಮೆಲ್ಲಗೆ ಕೆಂಪಾಗುತ್ತೆ. ಎಂಜೈಮ್ ಸತ್ತಿದೆಯಾ ಸರ್?

ಕೋಟೆಕಲ್ಲು:
ಸತ್ತಿಲ್ಲ, ಅತಿಯಾಗಿದೆ. ಲೆಕ್ಕ ಹಾಕಿ: 486ರಲ್ಲಿ ಎಕ್ಸ್‌ಟಿಂಕ್ಷನ್ ಗುಣಾಂಕ (1 ಮೋಲಾರ್ ದ್ರಾವಣ 1 ಸೆಂ.ಮೀ. ಕ್ಯುವೆಟ್‌ನಲ್ಲಿ ಕೊಡುವ ರೀಡಿಂಗ್) ಸುಮಾರು 20,500. 100 ಮೈಕ್ರೋಮೋಲಾರ್ ಪೂರ್ತಿ ಒಡೆದರೆ ಬರೋದೇ 2.05. ಅಂದ್ರೆ ನೀವು ಕ್ಯುವೆಟ್ ಒಳಗಿಡುವಷ್ಟರಲ್ಲಿ ಸಬ್‌ಸ್ಟ್ರೇಟ್ ಖಾಲಿ. ಎಕ್ಸ್‌ಟ್ರಾಕ್ಟನ್ನು 100, 1,000, 10,000 ಪಟ್ಟು ತೆಳು ಮಾಡಿ ನೋಡಿ, ಮೊದಲ 0.2 ಏರಿಕೆಗೆ ಒಂದು ನಿಮಿಷವಾದರೂ ಹಿಡಿಯುವ ಡೈಲ್ಯೂಷನ್ ಆರಿಸಿಕೊಂಡು, ಆ ಇಳಿಜಾರನ್ನಷ್ಟೇ ವೇಗ ಅಂತ ಬರೆಯಿರಿ.

ಬ್ಲಾಂಕ್ ಕೆಡಿಸ್ತಿರೋದು ಮರ್ಕ್ಯಾಪ್ಟೋಇಥನಾಲ್. ಅದರಂಥ ಥಯಾಲ್‌ಗಳು ಎಂಜೈಮ್ ಇಲ್ಲದೆಯೂ ನೈಟ್ರೋಸೆಫಿನ್ ಬಣ್ಣ ತಿರುಗಿಸುತ್ತವೆ. ಈ ಪ್ರೋಟೀನಿಗೆ ಅದು ಬೇಕಾಗಿಯೂ ಇಲ್ಲ, ಒಳಗೇ ಒಂದು ಡೈಸಲ್ಫೈಡ್ (ಗಂಧಕ-ಗಂಧಕ) ಬಂಧ ಇದೆ, ಥಯಾಲ್‌ಗಳು ಒಡೆಯೋದು ಅಂಥದ್ದನ್ನೇ. ಪಿಎಚ್ 7ರ 50 ಮಿಲಿಮೋಲಾರ್ ಫಾಸ್ಫೇಟ್ ಸಾಕು. ಕಂಟ್ರೋಲ್‌ಗೆ ಪ್ಲಾಸ್ಮಿಡ್ ಇಲ್ಲದ ಡಿಎಚ್5ಆಲ್ಫಾ ಮರೀಬೇಡಿ.

ಪೆರಿಪ್ಲಾಸಂ:
ಲೈಸೋಜೈಮ್ ಯಾಕೆ? ಅದೂ ಪ್ರೋಟೀನೇ, ಜೆಲ್‌ನಲ್ಲಿ 14 ಕಿಲೋಡಾಲ್ಟನ್ ಹತ್ತಿರ ದಪ್ಪ ಪಟ್ಟಿಯಾಗಿ ಕೂತಿರುತ್ತೆ. ನಿಮ್ಮ ಎಂಜೈಮ್ (ಸುಮಾರು 29) ಇರೋದು ಪೆರಿಪ್ಲಾಸಂನಲ್ಲಿ (ಕೋಶದ ಎರಡು ಪೊರೆಗಳ ನಡುವಿನ ಜಾಗ), ಆಸ್ಮಾಟಿಕ್ ಶಾಕ್ ಕೊಟ್ರೆ ತಾನಾಗಿ ಹೊರಬರುತ್ತೆ. 50 ಮಿ.ಲೀ. ಕಲ್ಚರ್‌ನ ಪೆಲ್ಲೆಟ್‌ಗೆ 5 ಮಿ.ಲೀ. ದ್ರಾವಣ: 20% ಸುಕ್ರೋಸ್, 30 ಮಿಲಿಮೋಲಾರ್ ಟ್ರಿಸ್ ಪಿಎಚ್ 8, 1 ಮಿಲಿಮೋಲಾರ್ ಇಡಿಟಿಎ. ಹತ್ತು ನಿಮಿಷ ಬಿಟ್ಟು ಸ್ಪಿನ್. ಸುಕ್ರೋಸ್ ಪೂರ್ತಿ ಬಸಿದು, ಮಂಜಿನಷ್ಟು ತಣ್ಣಗಿರುವ 5 ಮಿಲಿಮೋಲಾರ್ ಮೆಗ್ನೀಸಿಯಂ ಸಲ್ಫೇಟ್ 5 ಮಿ.ಲೀ. ಒಂದೇ ಸಲಕ್ಕೆ ಸುರಿದು ಬೇಗ ಕದಡಿ. ಐಸ್ ಮೇಲೆ ಹತ್ತು ನಿಮಿಷ, ಮತ್ತೆ ಸ್ಪಿನ್, ಮೇಲಿನ ನೀರು ನಿಮ್ಮದು. ದಾವಣಗೆರೆ ಏಪ್ರಿಲ್ ಬಿಸಿಲಲ್ಲಿ ಈ ಸಲ್ಫೇಟ್ ಬೆಚ್ಚಗಾಗಿರುತ್ತೆ, ಇಳುವರಿ ಬೀಳೋದು ಅಲ್ಲೇ. ಹಿಂದಿನ ರಾತ್ರಿಯೇ ಫ್ರಿಜ್‌ನಲ್ಲಿಡಿ. ಬೋರ್ ನೀರು ಬೇಡ, ಡಿಸ್ಟಿಲ್ಡೇ ಆಗಬೇಕು.

ಬಯೋಕೆಮ್_ದಾವಣಗೆರೆ:
ನೈಟ್ರೋಸೆಫಿನ್ 5 ಮಿ.ಗ್ರಾಂ ಮಾತ್ರ ಇದೆ. ಮುಂದೆ ಎನ್‌ಡಿಎಂ-1 (ಇನ್ನೊಂದು ಬಗೆಯ ಬೀಟಾ-ಲ್ಯಾಕ್ಟಮೇಸ್) ಕೂಡ ಮಾಡಬಹುದಾ?

ಕೋಟೆಕಲ್ಲು:
1 ಮಿ.ಲೀ. ಡಿಎಂಎಸ್‌ಒನಲ್ಲಿ ಕರಗಿಸಿದ್ರೆ ಹತ್ತಿರಹತ್ತಿರ 10 ಮಿಲಿಮೋಲಾರ್, ತಲಾ 10 ಮೈಕ್ರೋಲೀಟರ್‌ನಂತೆ ನೂರು ಅಸ್ಸೇ ಆಯ್ತು. ಚಿಕ್ಕ ಟ್ಯೂಬ್‌ಗಳಿಗೆ ಹಂಚಿ ಫಾಯಿಲ್ ಸುತ್ತಿ ಮೈನಸ್ 20ರಲ್ಲಿಡಿ. ಡೈಲ್ಯೂಷನ್ ಹುಡುಕೋಕೆ ಅದನ್ನ ಖರ್ಚು ಮಾಡಬೇಡಿ. ಪೆನಿಸಿಲಿನ್ ಜೊತೆ ಪಿಷ್ಟ-ಅಯೋಡಿನ್ ಸಾಕು, ಎಂಜೈಮ್ ಇದ್ದಲ್ಲಿ ನೀಲಿ ಹೋಗುತ್ತೆ. ಮರ್ಕ್ಯಾಪ್ಟೋಇಥನಾಲ್ ಉಳಿದಿದ್ರೆ ಸುಮ್ಮನೇ ನೀಲಿ ಹೋಗುತ್ತೆ, ಎಚ್ಚರ.

ಪೆರಿಪ್ಲಾಸಂ:
ಎನ್‌ಡಿಎಂ-1ಗೆ ಸತು ಬೇಕು, ಮೇಲಿನ ಇಡಿಟಿಎ ಅದನ್ನೇ ಕಿತ್ತುಕೊಳ್ಳುತ್ತೆ. ಈ ವಿಧಾನ ಹಾಗೇ ಹೊಂದಲ್ಲ. ಆಸ್ಪತ್ರೆ ಐಸೊಲೇಟ್ (ರೋಗಿಗಳಿಂದ ಬೇರ್ಪಡಿಸಿದ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ) ತಂದು ಡಿಗ್ರಿ ಲ್ಯಾಬ್‌ನ ಬೆಂಚ್ ಮೇಲೆ ಬೆಳೆಸೋ ಯೋಚನೆಯಿದ್ರೆ ಈಗಲೇ ಬಿಡಿ.